ಯಥಾಸಂಖ್ಯವೂ ವಿಪ್ರತಿಷೇಧವೂ: ಪದಪರೀಕ್ಷೆಯ ಒಂದು ದೋಷದ ಚರಿತ್ರೆ

ಮಧುಗಿರಿಯ ಸೀಮೆಯಲ್ಲಿ ಸೇರಿರುವ ಊರುಗಳ ಹೆಸರುಗಳನ್ನು ಕನ್ನಡ ವ್ಯಾಕರಣದ ಸಮಾಸಪ್ರಕರಣಕ್ಕೆ ಒಡ್ಡಿ ನೋಡಿದರೆ ಅವೆಲ್ಲವೂ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ. ಕೊರಟಗೆರೆ ಎಂಬುದು ಸೂತ್ರಕ್ಕೆ ಸಲೀಸಾಗಿ ಒಳಪಡುತ್ತದೆ; ಉತ್ತರಪದವಾದ ‘ಕೆರೆ’ಯ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ‘ಗೆರೆ’ ಆಗಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲೂ ಹಾಗೆಯೇ. ನಿಡಿದಾದ ಕಲ್ ನಿಡುಗಲ್. ಆದರೆ ಪಾವಗಡವೆಂಬ ಹೆಸರು ಪರೀಕ್ಷಕನನ್ನು ಮೋಸಗೊಳಿಸಬಲ್ಲುದು. ಪೂರ್ವಪದವು ಹಾವೆಂಬ ಅರ್ಥದ ‘ಪಾವು’. ಉತ್ತರಪದದ ಗಕಾರವನ್ನು ಕಂಡು ಇದೂ ಆದೇಶವೆಂದು ಹೇಳಿ ‘ಕಡ’ ಎಂಬ ಮೂಲವನ್ನು ಹುಡುಕಹೊರಟರೆ ದಾರಿ ತಪ್ಪಿತು. ಅದು ಉತ್ತರದೇಶದ ಭಾಷೆಗಳಿಂದ ಬಂದ, ಕೋಟೆಯೆಂಬ ಅರ್ಥದ ‘ಗಡ’. ಶಿರಾ ಏಕಪದವಾಗಿ ನಿಲ್ಲುವುದರಿಂದ ಸಮಾಸದ ಮಾತೇ ಇಲ್ಲ. ಇನ್ನು ಮಧುಗಿರಿ. ರೈಸ್ ಸಾಹೇಬರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಅಚ್ಚು ಹಾಕಿಸಿದಾಗ ಈ ಊರಿನ ಹೆಸರು ಮದ್ದಗಿರಿಯೆಂದಿತ್ತು. ಜೇನಿನ ಬೆಟ್ಟವೆಂಬ ಅರ್ಥವನ್ನು ಹಿಡಿದರೆ ಎರಡು ಪದಗಳೂ ಸಂಸ್ಕೃತ. ‘ಮದ್ದ’ ಎಂಬುದು ಕನ್ನಡದ ‘ಮದ್ದು’ ಎಂದು ಹಿಡಿದರೆ ಕನ್ನಡವೂ ಸಂಸ್ಕೃತವೂ ಕೂಡಿದ ಅರಿಸಮಾಸ. ಹೆಸರೊಂದೇ, ಎರಡು ಜಾತಿ, ಎರಡು ತೀರ್ಪು.

ನಿರುಕ್ತಿಯನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಒಂದು ಕಟ್ಟಿನಲ್ಲಿರುವ ಪದಗಳಲ್ಲೊಂದರ ಜಾತಿಯು ಅನಿಶ್ಚಿತವಾಗಿದ್ದು, ಆ ಕಟ್ಟಿಗೆ ಅನ್ವಯಿಸುವ ವಿಧಿಗಳು ಒಂದಕ್ಕಿಂತ ಹೆಚ್ಚಾಗಿದ್ದಾಗ ಪರೀಕ್ಷೆಯು ಹೇಗೆ ನಡೆಯಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಇದು ವೈಯಾಕರಣರಿಗೆ ಹಳೆಯ ಪ್ರಶ್ನೆ. ಕಂಪ್ಯೂಟರಿನ ಭಾಷೆಗಳನ್ನು ಪರೀಕ್ಷಿಸುವ ‘ಟೈಪ್ ಪರೀಕ್ಷಕ’ಗಳೆಂಬ ಸಾಧನಗಳೂ ಇದೇ ಸ್ಥಳದಲ್ಲಿ ಎಡವಿದುವು; ಸರಿಯಾದ ಪ್ರಯೋಗವನ್ನು ತಪ್ಪೆಂದು ತಳ್ಳಿದುವು, ಒಂದೇ ಬರಹದ ಮೇಲೆ ಒಂದೊಂದು ಪರೀಕ್ಷಕವು ಒಂದೊಂದು ತೀರ್ಪು ಕೊಟ್ಟಿತು. ಆ ದೋಷದ ಚರಿತ್ರೆಯನ್ನು ಶಬ್ದಶಾಸ್ತ್ರದ ಚರಿತ್ರೆಯೊಡನೆ ಇಟ್ಟು ನೋಡಿದರೆ ಎರಡಕ್ಕೂ ಬೆಳಕು ಬೀಳುತ್ತದೆ.

ಮೊದಲು ಟೈಪೆಂಬ ಮಾತಿನ ಅರ್ಥವನ್ನು ತಿಳಿಯಬೇಕು. ಕಂಪ್ಯೂಟರಿಗೆ ಬರೆದುಕೊಡುವ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಜಾತಿಯುಂಟು. ಇದು ಸಂಖ್ಯೆ, ಇದು ಅಕ್ಷರಮಾಲೆ, ಇದು ಸಂಖ್ಯೆಗಳ ಪಟ್ಟಿ, ಇತ್ಯಾದಿ. ಈ ಜಾತಿಗೆ ಟೈಪೆಂದು ಹೆಸರು. ಸಂಖ್ಯೆಯನ್ನು ಬಯಸುವ ಕಡೆ ಅಕ್ಷರಮಾಲೆಯನ್ನು ಇಟ್ಟರೆ ವಾಕ್ಯವು ಅನ್ವಯಿಸುವುದಿಲ್ಲ. ಪ್ರೋಗ್ರಾಮನ್ನು ನಡೆಯಿಸಿ ನೋಡದೆ, ಬರಹವನ್ನು ಓದಿದ ಮಾತ್ರದಿಂದಲೇ ಈ ಅನನ್ವಯವನ್ನು ಕಂಡುಹಿಡಿಯುವ ಸಾಧನವು ಟೈಪ್ ಪರೀಕ್ಷಕ. ಕಾವ್ಯವನ್ನು ಹಾಡಿಸಿ ಕೇಳದೆ ಓಲೆಯ ಮೇಲೆಯೇ ಲಿಂಗ ವಚನ ವಿಭಕ್ತಿಗಳ ದೋಷವನ್ನು ಗುರುತಿಸುವ ಲಾಕ್ಷಣಿಕನ ಕೆಲಸಕ್ಕೆ ಇದು ಬಹಳ ಹತ್ತಿರದ್ದು.

ಈ ಕಲ್ಪನೆಯು ಹುಟ್ಟಿದ್ದು ತರ್ಕಶಾಸ್ತ್ರದಲ್ಲಿ. ತನ್ನನ್ನು ತಾನೇ ಒಳಗೊಳ್ಳದ ಗಣಗಳೆಲ್ಲವನ್ನೂ ಒಳಗೊಂಡ ಗಣವು ತನ್ನನ್ನು ಒಳಗೊಳ್ಳುವುದೋ ಇಲ್ಲವೋ ಎಂಬ ವಿರೋಧವನ್ನು ಬರ್ಟ್ರಂಡ್ ರಸೆಲ್ಲರು 1901ರಲ್ಲಿ ಕಂಡುಕೊಂಡು, 1908ರ ಪ್ರಬಂಧದಲ್ಲಿ ಅಂಥ ಮಾತುಗಳನ್ನೇ ನಿಷೇಧಿಸುವ ಟೈಪುಗಳ ಸಿದ್ಧಾಂತವನ್ನು ವಿಸ್ತರಿಸಿದರು. ಅಲೋಂಜೊ ಚರ್ಚರು 1940ರಲ್ಲಿ ಅದನ್ನು ಸರಳಗೊಳಿಸಿದರು. ಅಂದರೆ ಟೈಪು ಹುಟ್ಟಿದಾಗಲೇ ನಿಷೇಧಸೂತ್ರವಾಗಿ ಹುಟ್ಟಿತು.

ಪ್ರಕೃತಕ್ಕೆ ಹೆಚ್ಚು ಮುಖ್ಯವಾದುದು 1967ರಲ್ಲಿ ಕ್ರಿಸ್ಟಫರ್ ಸ್ಟ್ರೇಚಿಯವರು ಕೋಪನ್‌ಹೇಗನ್ನಿನಲ್ಲಿ ಮಾಡಿದ ಉಪನ್ಯಾಸಗಳು. ಇವು ಬಹುಕಾಲ ಟಿಪ್ಪಣಿಗಳಾಗಿಯೇ ಕೈಯಿಂದ ಕೈಗೆ ಹೋಗಿ 2000ದಲ್ಲಿ ಅಚ್ಚಾದುವು. ಒಂದೇ ಹೆಸರಿನ ಕ್ರಿಯೆಯು ಹಲವು ಜಾತಿಯ ವಸ್ತುಗಳ ಮೇಲೆ ನಡೆಯುವುದರಲ್ಲಿ ಎರಡು ಬಗೆಯುಂಟೆಂದು ಅವರು ಬೇರ್ಪಡಿಸಿ ತೋರಿಸಿದರು. ಯಾವ ಜಾತಿಯ ವಸ್ತುವಾದರೂ ಒಂದೇ ರೀತಿಯಲ್ಲಿ ನಡೆಯುವುದು ಮೊದಲನೆಯದು. ಪಟ್ಟಿಯ ಉದ್ದವನ್ನು ಎಣಿಸುವ ಕ್ರಿಯೆಗೆ ಪಟ್ಟಿಯಲ್ಲಿರುವುದು ಸಂಖ್ಯೆಯೋ ಅಕ್ಷರವೋ ಎಂಬುದು ಬೇಡ. ಇದಕ್ಕೆ ಈಗ ಜೆನೆರಿಕ್ ಎನ್ನುತ್ತಾರೆ. ಹೆಸರು ಒಂದೇ ಆದರೂ ಜಾತಿಗೊಂದು ಪ್ರತ್ಯೇಕ ವಿಧಿಯಿರುವುದು ಎರಡನೆಯದು. ಕೂಡಿಸುವ ಚಿಹ್ನೆಯು ಸಂಖ್ಯೆಗಳ ನಡುವೆ ಸಂಕಲನವನ್ನೂ ಅಕ್ಷರಮಾಲೆಗಳ ನಡುವೆ ಜೋಡಣೆಯನ್ನೂ ಹೇಳುತ್ತದೆ. ಇದಕ್ಕೆ ಓವರ್‌ಲೋಡ್ ಎಂದು ಹೆಸರು. ಮೊದಲನೆಯದನ್ನು ರಾಬಿನ್ ಮಿಲ್ನರರು 1978ರಲ್ಲಿ ಶಾಸ್ತ್ರವಾಗಿ ಬಿಗಿದರು. ಎರಡನೆಯದನ್ನು ಹದಕ್ಕೆ ತರಲು 1989ರಲ್ಲಿ ವಾಡ್ಲರ್, ಬ್ಲಾಟ್ ಎಂಬ ಇಬ್ಬರು ಒಂದು ಮಾರ್ಗವನ್ನು ಸೂಚಿಸಿದರು. ಆದರೆ ಜನಬಳಕೆಯ ಭಾಷೆಗಳು ಹೆಚ್ಚಾಗಿ ಆ ಮಾರ್ಗವನ್ನು ಹಿಡಿಯಲಿಲ್ಲ. ಎರಡೂ ಬಗೆಗಳನ್ನು ಒಂದೇ ಕ್ರಿಯೆಯಲ್ಲಿ ಬೆರಸಿಬಿಟ್ಟುವು. ಮುಂದೆ ಬರುವ ತೊಡಕಿಗೆ ಬೀಜವು ಇಲ್ಲಿದೆ.

ಇನ್ನೊಂದು ಪದಾರ್ಥ ಉಳಿಯಿತು, ಟ್ಯೂಪಲ್. ಇದು ಕ್ರಮವೂ ಸಂಖ್ಯೆಯೂ ಗೊತ್ತಾಗಿರುವ ಕಟ್ಟು. ಮೊದಲನೆಯ ಸ್ಥಾನದಲ್ಲಿ ಊರಿನ ಹೆಸರು, ಎರಡನೆಯದರಲ್ಲಿ ಮನೆಗಳ ಸಂಖ್ಯೆ ಎಂದರೆ ಅದು ಎರಡರ ಟ್ಯೂಪಲ್. ಸ್ಥಾನವನ್ನು ಅದಲುಬದಲು ಮಾಡಿದರೆ ವಸ್ತುವೇ ಬೇರೆ. ಪಟ್ಟಿಯಲ್ಲಿ ಎಲ್ಲವೂ ಸಜಾತೀಯ. ಟ್ಯೂಪಲಿನಲ್ಲಿ ಒಂದೊಂದು ಸ್ಥಾನಕ್ಕೆ ಒಂದೊಂದು ಜಾತಿ. ಯಥಾಸಂಖ್ಯಾಲಂಕಾರವನ್ನು ಪಾಠ ಹೇಳಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಆ ಅಲಂಕಾರದ ಹೆಸರೇ ವ್ಯಾಕರಣದಲ್ಲಿ ಪರಿಭಾಷೆಯಾಗಿದೆ. ಸಮಸಂಖ್ಯೆಯ ಎರಡು ಪಟ್ಟಿಗಳನ್ನು ಹೇಳಿದಾಗ ಮೊದಲನೆಯದರೊಡನೆ ಮೊದಲನೆಯದನ್ನೂ ಎರಡನೆಯದರೊಡನೆ ಎರಡನೆಯದನ್ನೂ ಕ್ರಮವಾಗಿ ಅನ್ವಯಿಸಿಕೊಳ್ಳಬೇಕೆಂದು ಅಷ್ಟಾಧ್ಯಾಯಿಯ 1-3-10ನೆಯ ಸೂತ್ರವು ವಿಧಿಸುತ್ತದೆ. ಸ್ವರವು ಪರವಾದಾಗ ಏ, ಓ, ಐ, ಔ ಎಂಬ ನಾಲ್ಕಕ್ಕೆ ಅಯ್, ಅವ್, ಆಯ್, ಆವ್ ಎಂಬ ನಾಲ್ಕು ಆದೇಶಗಳು ಬರುವುದು ಈ ಬಲದಿಂದ. ಕಟ್ಟಿಗೆ ಕಟ್ಟು, ಸ್ಥಾನಕ್ಕೆ ಸ್ಥಾನ, ಇಷ್ಟಕ್ಕೆ ತೊಡಕಿಲ್ಲ.

ತೊಡಕು ಬರುವುದು ಯಣ್‌ಸಂಧಿಯಲ್ಲಿ. ಇಕ್ ಎಂಬ ಪ್ರತ್ಯಾಹಾರದಲ್ಲಿ ಇ, ಉ, ಋ, ಌ ಎಂಬ ನಾಲ್ಕು. ಯಣ್ ಎಂಬುದರಲ್ಲಿ ಯ, ವ, ರ, ಲ ಎಂಬ ನಾಲ್ಕು. ನಾಲ್ಕಕ್ಕೆ ನಾಲ್ಕು ಸರಿಹೋಯಿತೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ 1-1-69ನೆಯ ಸೂತ್ರದಂತೆ ಇಕಾರವೆಂದರೆ ಒಂದು ವರ್ಣವಲ್ಲ. ಹ್ರಸ್ವ ದೀರ್ಘ ಪ್ಲುತ, ಉದಾತ್ತಾದಿ ಸ್ವರಭೇದ, ಅನುನಾಸಿಕಭೇದ ಇವುಗಳಿಂದ ಹದಿನೆಂಟು ರೂಪಗಳಿಗೆ ಅದು ಪ್ರತಿನಿಧಿ. ಉಕಾರವೂ ಋಕಾರವೂ ಹಾಗೆಯೇ. ಌಕಾರಕ್ಕೆ ದೀರ್ಘವಿಲ್ಲದ್ದರಿಂದ ಹನ್ನೆರಡು. ಒಟ್ಟು 66. ಅತ್ತ ಯ, ವ, ಲ ಗಳಿಗೆ ಅನುನಾಸಿಕಭೇದ ಉಂಟು, ರೇಫಕ್ಕೆ ಇಲ್ಲ, ಒಟ್ಟು 7. 66ಕ್ಕೂ 7ಕ್ಕೂ ಸಮಸಂಖ್ಯೆ ಎಲ್ಲಿ? ಸಮಸಂಖ್ಯೆಯಿಲ್ಲದೆ ಯಥಾಸಂಖ್ಯ ಎಲ್ಲಿ? ಕಟ್ಟಿನ ಒಂದೊಂದು ಸ್ಥಾನವೂ ತಾನೇ ಒಂದು ಗಣವಾಗಿರುವಾಗ ಕಟ್ಟನ್ನು ಸ್ಥಾನಗಳಿಂದ ಎಣಿಸಬೇಕೋ ವ್ಯಕ್ತಿಗಳಿಂದ ಎಣಿಸಬೇಕೋ ಎಂಬುದೇ ಇಲ್ಲಿಯ ಸಂಶಯ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಜೆನೆರಿಕ್ ಅಂಗಗಳುಳ್ಳ ಟ್ಯೂಪಲಿನ ಸಮಸ್ಯೆ. ಕೌಮುದಿಯ ಸಂಪ್ರದಾಯದವರು ಎಣಿಕೆಯನ್ನು ಬಿಟ್ಟು, ಸ್ಥಾನದಲ್ಲಿ ಅತ್ಯಂತ ಸದೃಶವಾದುದೇ ಆದೇಶವೆಂಬ 1-1-50ನೆಯ ಸೂತ್ರವನ್ನು ಆಶ್ರಯಿಸಿ, ತಾಲುಸ್ಥಾನದ ಈಕಾರಕ್ಕೆ ತಾಲುಸ್ಥಾನದ ಯಕಾರವೆಂದು ನಿರ್ವಹಿಸಿದರು. ಲೆಕ್ಕವು ಕೈಬಿಟ್ಟಾಗ ಸಾದೃಶ್ಯವು ಕೈಹಿಡಿಯಿತು. ಇದನ್ನು ಬರಿಯ ಪಂಡಿತರ ಕಾಲಹರಣವೆಂದು ಎಣಿಸುವವರು, ಯಂತ್ರವು ಇದೇ ಎಣಿಕೆಯಲ್ಲಿ ಸಿಕ್ಕಿಬಿದ್ದುದನ್ನು ಮುಂದೆ ನೋಡಬೇಕು.

ಕಟ್ಟಿನ ಮಾತು ಹೀಗಾದರೆ ವಿಧಿಗಳ ಘರ್ಷಣೆಯ ಮಾತು ಇನ್ನೊಂದು. ಒಂದೇ ಪ್ರಯೋಗಕ್ಕೆ ಸಮಬಲದ ಎರಡು ಸೂತ್ರಗಳು ಒಟ್ಟಿಗೆ ಬಂದು ನಿಂತರೆ ಪರವಾದುದು ನಡೆಯಬೇಕೆಂದು 1-4-2ನೆಯ ಸೂತ್ರವು ಹೇಳುತ್ತದೆ. ಪರವೆಂದರೆ ಸೂತ್ರಪಾಠದಲ್ಲಿ ಹಿಂದಿನಿಂದ ಬಂದದ್ದೆಂದು ಸಂಪ್ರದಾಯದ ಅರ್ಥ. ಆದರೆ ಹಾಗೆ ಹಿಡಿದರೆ ಎಷ್ಟೋ ಕಡೆ ಅನಿಷ್ಟರೂಪಗಳು ಸಿದ್ಧಿಸುತ್ತವೆ. ಅದಕ್ಕಾಗಿ ಪತಂಜಲಿಯು ಮಹಾಭಾಷ್ಯದಲ್ಲಿ ಪರಶಬ್ದಕ್ಕೆ ಇಷ್ಟವೆಂಬ ಅರ್ಥವನ್ನೂ ಒಪ್ಪಿಕೊಂಡನು. ಇಷ್ಟವಾದ ಸೂತ್ರವೇ ಗೆಲ್ಲುವುದೆಂದರೆ, ಫಲವನ್ನು ಮೊದಲೇ ಬಲ್ಲವನಿಗೆ ಮಾತ್ರ ಆ ನಿಯಮವು ಉಪಯೋಗಕ್ಕೆ ಬರುತ್ತದೆ, ಯಂತ್ರಕ್ಕೆ ಬಾರದು. ರಿಷಿ ರಾಜಪೋಪಟರು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿ 2022ರಲ್ಲಿ ಬೆಳಕಿಗೆ ಬಂದ ಪ್ರಬಂಧದಲ್ಲಿ, ಪರವೆಂದರೆ ಹಿಂದಿನಿಂದ ಬಂದ ಸೂತ್ರವಲ್ಲ, ಶಬ್ದದ ಬಲಭಾಗಕ್ಕೆ ಅನ್ವಯಿಸುವ ಸೂತ್ರವೆಂದು ವಾದಿಸಿದ್ದಾರೆ. ಹಲವರು ವಿದ್ವಾಂಸರು ಇದನ್ನು ಒಪ್ಪಿಲ್ಲ. ಎರಡು ಸಾವಿರ ವರ್ಷಗಳ ಅನಂತರವೂ ಘರ್ಷಣೆಯ ನಿಯಮವೊಂದರ ಅರ್ಥವು ವಿವಾದದಲ್ಲಿರುವುದನ್ನು ಮಾತ್ರ ಇಲ್ಲಿ ಗಮನಿಸಿದರೆ ಸಾಕು.

ಕನ್ನಡದ ಲಾಕ್ಷಣಿಕರು ಈ ಎರಡು ಉಪಕರಣಗಳನ್ನೂ ಬಲ್ಲವರೇ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನೂ, 1604ರಲ್ಲಿ 592 ಸಂಸ್ಕೃತಸೂತ್ರಗಳಲ್ಲಿ ಕನ್ನಡದ ಲಕ್ಷಣವನ್ನು ಹೇಳಿದ ಭಟ್ಟಾಕಳಂಕನೂ ಸಂಸ್ಕೃತಶಾಸ್ತ್ರದ ನೆರಳಿನಲ್ಲಿಯೇ ನಡೆದವರು. ಆದರೆ ಕನ್ನಡದ ಸಾಮಗ್ರಿಯು ಬೇರೆ. ಆದೇಶಸಂಧಿಯನ್ನೇ ನೋಡಬಹುದು. ಸಮಾಸದಲ್ಲಿ ಉತ್ತರಪದದ ಮೊದಲಲ್ಲಿರುವ ಕ, ತ, ಪ ಗಳಿಗೆ ಗ, ದ, ಬ ಗಳು ಯಥಾಸಂಖ್ಯವಾಗಿ ಬರುತ್ತವೆ: ಮಳೆಗಾಲ, ಬೆಟ್ಟದಾವರೆ, ಕಂಬನಿ. ಮೂರಕ್ಕೆ ಮೂರು. ಇದಲ್ಲದೆ ಪ, ಬ, ಮ ಗಳಿಗೆ ವಕಾರವೂ ಬರುವುದುಂಟು: ಬೆಮರ್ವನಿ, ಕಡುವೆಳ್ಪು, ಮೆಲ್ವಾತು. ಇಲ್ಲಿ ಮೂರಕ್ಕೆ ಒಂದು. ಪಕಾರವು ಎರಡು ಪಟ್ಟಿಗಳಲ್ಲಿಯೂ ಕುಳಿತಿದೆ. ಒಂದೇ ‘ಪನಿ’ ಎಂಬ ಪದವು ‘ಕಣ್’ ಎಂಬುದರ ಮುಂದೆ ‘ಬನಿ’ಯಾಗಿ, ‘ಬೆಮರ್’ ಎಂಬುದರ ಮುಂದೆ ‘ವನಿ’ಯಾಗಿ ನಿಲ್ಲುತ್ತದೆ. ಒಂದು ಹೆಸರಿಗೆ ಎರಡು ವಿಧಿ. ಯಾವುದನ್ನು ಹಿಡಿಯಬೇಕೆಂಬುದು ಉತ್ತರಪದವನ್ನು ಮಾತ್ರ ನೋಡಿದರೆ ತಿಳಿಯದು, ಕಟ್ಟಿನ ಪೂರ್ವಪದವನ್ನೂ ನೋಡಬೇಕು. ಇದಕ್ಕಿಂತ ಶುದ್ಧವಾದ ಓವರ್‌ಲೋಡಿನ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಅರಿಸಮಾಸವು ಇನ್ನೂ ಸ್ವಾರಸ್ಯವಾದುದು, ಏಕೆಂದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ವರ್ಣವಲ್ಲ, ಪದದ ಜಾತಿಯೇ. ಕನ್ನಡಕ್ಕೆ ಕನ್ನಡವೂ ಸಂಸ್ಕೃತಕ್ಕೆ ಸಂಸ್ಕೃತವೂ ಕೂಡಬಹುದು. ಒಂದಕ್ಕೊಂದು ಬೆರೆತರೆ ದೋಷ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಈ ಬೆರಕೆಯನ್ನು ಕಾದ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿ ನಿಂದಿಸಿದೆ. ನಯಸೇನನು 1112ರಲ್ಲಿ ತುಪ್ಪವನ್ನೂ ಎಣ್ಣೆಯನ್ನೂ ಬೆರಸುವುದು ತರವೇ ಎಂದು ಕೇಳಿದ್ದಾನೆ. ನಿಯಮವು ಇಷ್ಟು ಖಂಡಿತವಾಗಿದ್ದರೂ ಅದಕ್ಕೆ ಎರಡು ಬಾಗಿಲುಗಳನ್ನು ತೆರೆದಿಟ್ಟರು. ಮೊದಲನೆಯದು ಸಮಸಂಸ್ಕೃತ. ಕೆಲವು ಸಂಸ್ಕೃತಪದಗಳು ತಮ್ಮ ರೂಪವನ್ನು ಕೆಡಿಸಿಕೊಳ್ಳದೆಯೇ ಕನ್ನಡವಾಗಿಯೂ ನಿಲ್ಲುವುದರಿಂದ ಅವು ಕನ್ನಡದೊಡನೆ ಕೂಡಬಹುದೆಂದು ಕವಿರಾಜಮಾರ್ಗಕಾರನೇ ಅನುಮತಿಸಿದನು. ಎರಡನೆಯದು ಬಿರುದಾವಳಿ ಮತ್ತು ಪೂರ್ವಕವಿಪ್ರಯೋಗ. ರಾಜರ ಬಿರುದುಗಳಲ್ಲಿಯೂ ಹಿಂದಿನ ಕವಿಗಳು ಬಳಸಿದ ಮಾತುಗಳಲ್ಲಿಯೂ ದೋಷವನ್ನು ಎಣಿಸಬಾರದೆಂದು ಕೇಶಿರಾಜನು ವಿನಾಯಿತಿಯನ್ನು ಕೊಟ್ಟನು. ಮೇಲೆ ಹೇಳಿದ ‘ಮಳೆಗಾಲ’ದಲ್ಲಿ ‘ಕಾಲ’ವು ಸಂಸ್ಕೃತ, ಸಂಸ್ಕೃತಪದಕ್ಕೆ ಕನ್ನಡದ ಆದೇಶವೂ ಬಂದಿದೆ, ಆದರೂ ಅದನ್ನು ತಪ್ಪೆನ್ನುವ ಕನ್ನಡಿಗನಿಲ್ಲ. ಕೇಶಿರಾಜನ ಹಿರಿಮೆಯು ಸೂತ್ರದ ಬಿಗಿಯಲ್ಲಿ ಮಾತ್ರವಲ್ಲ, ಸಡಿಲಿಸಿದ ಕಡೆ ಸಡಿಲಿಸಿದೆನೆಂದು ಸೂತ್ರದಲ್ಲಿಯೇ ಬರೆದಿಟ್ಟುದರಲ್ಲಿಯೂ ಇದೆ. ಈ ಗುಣವನ್ನು ಶಾಲೆಯ ವ್ಯಾಕರಣಗಳು ಅಷ್ಟಾಗಿ ಹೇಳುವುದಿಲ್ಲ.

ಈಗ ಯಂತ್ರದ ಕಡೆಗೆ ತಿರುಗಬಹುದು. ಡಚ್ ದೇಶದ ಗೀಡೋ ವಾನ್ ರಾಸಮ್ಮರು 1991ರಲ್ಲಿ ಪ್ರಕಟಿಸಿದ ಪೈಥಾನ್ ಭಾಷೆಯಲ್ಲಿ ಟೈಪುಗಳನ್ನು ಮುಂದಾಗಿ ಬರೆಯುವ ಪದ್ಧತಿ ಇರಲಿಲ್ಲ. ಪ್ರೋಗ್ರಾಮು ನಡೆಯುವಾಗ ತಪ್ಪಿದರೆ ತಪ್ಪಿತು. ಬರಹಗಳು ಲಕ್ಷಗಟ್ಟಲೆ ಸಾಲುಗಳಿಗೆ ಬೆಳೆದ ಮೇಲೆ ಇದು ಅಪಾಯವಾಯಿತು. ಯೂಕ್ಕಾ ಲೆಹ್ಟೊಸಾಲೊ ಎಂಬವರು ಕೇಂಬ್ರಿಜ್ಜಿನಲ್ಲಿ ಸಂಶೋಧನ ಮಾಡುತ್ತಿದ್ದಾಗ ಮೈಪೈ ಎಂಬ ಪರೀಕ್ಷಕವನ್ನು ಕಟ್ಟಿದರು. ವಾನ್ ರಾಸಮ್, ಲೆಹ್ಟೊಸಾಲೊ, ಲೂಕಾಶ್ ಲಾಂಗಾ ಈ ಮೂವರು 2014ರಲ್ಲಿ ಬರೆದ 484ನೆಯ ಪ್ರಸ್ತಾವವು ಮರುವರ್ಷ ಅಂಗೀಕೃತವಾಗಿ, ಟೈಪುಗಳನ್ನು ಬರೆಯುವ ಕ್ರಮವು 2015ರ ಸೆಪ್ಟೆಂಬರಿನ 3.5ನೆಯ ಆವೃತ್ತಿಯಲ್ಲಿ ಸೇರಿತು. ಮುಂದೆ 2019ರಲ್ಲಿ ಮೈಕ್ರೋಸಾಫ್ಟಿನಿಂದ ಪೈರೈಟ್ ಎಂಬ ಮತ್ತೊಂದು ಪರೀಕ್ಷಕವು ಬಂದಿತು. ಭಾಷೆಯೊಂದಕ್ಕೆ ಹೀಗೆ ಒಂದಕ್ಕಿಂತ ಹೆಚ್ಚು ವ್ಯಾಕರಣಗಳಾದುವು. 484ನೆಯ ಪ್ರಸ್ತಾವವು ಓವರ್‌ಲೋಡನ್ನು ಬರೆಯುವ ಬಗೆಯನ್ನು ಹೇಳಿತೇ ಹೊರತು, ಹಲವು ವಿಧಿಗಳಲ್ಲಿ ಒಂದನ್ನು ಆಯ್ದುಕೊಳ್ಳುವ ಕ್ರಮವನ್ನು ಪೂರ್ಣವಾಗಿ ಹೇಳಲಿಲ್ಲ. ವಿಪ್ರತಿಷೇಧಸೂತ್ರವಿಲ್ಲದ ಅಷ್ಟಾಧ್ಯಾಯಿಯಂತಾಯಿತು. ಪರೀಕ್ಷಕಗಳನ್ನು ಕಟ್ಟಿದವರು ತಮತಮಗೆ ಇಷ್ಟವಾದುದನ್ನು ಮಾಡಿದರು. ಸಾಮಾನ್ಯವಾಗಿ ಮೊದಲು ಬರೆದ ವಿಧಿಯು ಒಪ್ಪಿದರೆ ಅದೇ ಗೆಲ್ಲುತ್ತಿತ್ತು. ಪಾಣಿನಿಯ ಸಂಪ್ರದಾಯದಲ್ಲಿ ಹಿಂದಿನಿಂದ ಬಂದದ್ದು ಗೆದ್ದರೆ ಇಲ್ಲಿ ಮುಂಚೆ ಬಂದದ್ದು ಗೆಲ್ಲುತ್ತದೆ. ಟೈಪ್‌ಸ್ಕ್ರಿಪ್ಟ್ ಎಂಬ ಸೋದರಭಾಷೆಯಲ್ಲಂತೂ ಕ್ರಿಯೆಯನ್ನು ಪ್ರಯೋಗಿಸುವಾಗ ಮೊದಲು ಒಪ್ಪುವ ವಿಧಿಯನ್ನೂ, ಅದೇ ಕ್ರಿಯೆಯ ಟೈಪನ್ನು ಒಡೆದು ಊಹಿಸುವಾಗ ಕಡೆಯ ವಿಧಿಯನ್ನೂ ಹಿಡಿಯುತ್ತಾರೆ. ಪೂರ್ವವೂ ಉಂಟು, ಪರವೂ ಉಂಟು.

ದೋಷವು ಕಾಣಿಸಿಕೊಂಡ ಬಗೆಯನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ಒಂದು ಕ್ರಿಯೆಗೆ ಎರಡು ವಿಧಿಗಳಿವೆಯೆಂದಿಟ್ಟುಕೊಳ್ಳಲಿ. ಸಂಖ್ಯೆ, ಸಂಖ್ಯೆ ಎಂಬ ಟ್ಯೂಪಲನ್ನು ಕೊಟ್ಟರೆ ಸಂಖ್ಯೆಯು ಫಲ. ಅಕ್ಷರಮಾಲೆ, ಸಂಖ್ಯೆ ಎಂಬ ಟ್ಯೂಪಲನ್ನು ಕೊಟ್ಟರೆ ಅಕ್ಷರಮಾಲೆಯು ಫಲ. ಈಗ ಮೊದಲನೆಯ ಸ್ಥಾನದಲ್ಲಿ ‘ಸಂಖ್ಯೆ ಅಥವಾ ಅಕ್ಷರಮಾಲೆ’ ಎಂಬ ವಿಕಲ್ಪದ ವಸ್ತುವೂ ಎರಡನೆಯದರಲ್ಲಿ ಸಂಖ್ಯೆಯೂ ಇರುವ ಕಟ್ಟನ್ನು ಕೊಟ್ಟರೆ, ನಡೆಯುವಾಗ ತಪ್ಪಾಗುವ ಸಂಭವವೇ ಇಲ್ಲ. ಎರಡರಲ್ಲಿ ಒಂದು ವಿಧಿಯು ಒಪ್ಪಿಯೇ ಒಪ್ಪುತ್ತದೆ. ಆದರೆ ಪರೀಕ್ಷಕವು ಕಟ್ಟನ್ನು ಬಿಚ್ಚದೆ ಹಾಗೆಯೇ ಎತ್ತಿ ಮೊದಲನೆಯ ವಿಧಿಗೆ ಒಡ್ಡಿದರೆ ಒಪ್ಪುವುದಿಲ್ಲ, ಎರಡನೆಯದಕ್ಕೆ ಒಡ್ಡಿದರೂ ಒಪ್ಪುವುದಿಲ್ಲ. ಆದಕಾರಣ ತಪ್ಪೆಂದು ತೀರ್ಪು. ಮೈಪೈ 2018ರ ಹೊತ್ತಿಗೆ, ವಿಕಲ್ಪದ ವಸ್ತುವು ಕಟ್ಟಿನ ಹೊರಗೆ ಬಿಡಿಯಾಗಿ ಬಂದಾಗ ಅದನ್ನು ಒಂದೊಂದಾಗಿ ಬಿಡಿಸಿ ಪರೀಕ್ಷಿಸಿ, ಫಲಗಳನ್ನು ಮರಳಿ ವಿಕಲ್ಪವಾಗಿ ಕೂಡಿಸುವ ಉಪಾಯವನ್ನು ಕಲಿತಿತ್ತು. ಆದರೆ ವಿಕಲ್ಪವು ಟ್ಯೂಪಲಿನ ಒಳಗೆ ಅಡಗಿದ್ದರೆ ಅದನ್ನೂ ಬಿಡಿಸಬೇಕೆಂದು ಎಲ್ಲಿಯೂ ವಿಧಿಸಿರಲಿಲ್ಲ. ಇಕಾರವು ಒಂದೋ ಹದಿನೆಂಟೋ ಎಂಬ ಹಳೆಯ ಸಂಶಯವೇ ಇದು.

ಇದಕ್ಕಿಂತ ಬೇರೆ ಬಗೆಯ ತೊಡಕು ಟ್ಯೂಪಲುಗಳನ್ನು ಒಂದಕ್ಕೊಂದು ಜೋಡಿಸುವ ಕ್ರಿಯೆಯಲ್ಲಿಯೇ ಇದೆ. ಪೈಥಾನಿನ ಮೂಲವಸ್ತುಗಳ ಟೈಪುಗಳನ್ನು ಟೈಪ್‌ಶೆಡ್ ಎಂಬ ಕೋಶದಲ್ಲಿ ಬರೆದಿಟ್ಟಿದ್ದಾರೆ. ಅದರಲ್ಲಿ ಟ್ಯೂಪಲುಗಳ ಜೋಡಣೆಗೆ ಎರಡು ಓವರ್‌ಲೋಡುಗಳಿವೆ, ಎರಡೂ ಜೆನೆರಿಕ್. ಸಜಾತೀಯವಾದ ಕಟ್ಟನ್ನು ಜೋಡಿಸಿದರೆ ಅದೇ ಜಾತಿಯ ಕಟ್ಟೆಂದು ಮೊದಲನೆಯದು. ಬೇರೆ ಜಾತಿಯದನ್ನು ಜೋಡಿಸಿದರೆ ‘ಇದು ಅಥವಾ ಅದು’ ಎಂಬ ವಿಕಲ್ಪದ ಕಟ್ಟೆಂದು ಎರಡನೆಯದು. ಎರಡರಲ್ಲಿಯೂ ಉದ್ದವು ಮರೆತುಹೋಗುತ್ತದೆ, ಸ್ಥಾನವು ಮರೆತುಹೋಗುತ್ತದೆ. ಊರಿನ ಹೆಸರು, ಮನೆಗಳ ಸಂಖ್ಯೆ ಎಂಬ ಕಟ್ಟಿಗೆ ಕೆರೆಗಳ ಸಂಖ್ಯೆಯನ್ನು ಜೋಡಿಸಿದರೆ, ವಿಧಿ ಹೇಳುವಂತೆ ಹೊರಬರುವುದು ‘ಅಕ್ಷರಮಾಲೆಯೋ ಸಂಖ್ಯೆಯೋ ಆದ ಎಷ್ಟೋ ವಸ್ತುಗಳ ಕಟ್ಟು’. ಮೊದಲನೆಯದು ಹೆಸರೆಂಬ ಜ್ಞಾನವೇ ನಷ್ಟವಾಯಿತು. ಇದನ್ನು ಸಹಿಸಲಾರದೆ ಮೈಪೈಯೂ ಪೈರೈಟೂ ಉದ್ದವು ಗೊತ್ತಿರುವ ಟ್ಯೂಪಲುಗಳಿಗೆ ಕೋಶದ ವಿಧಿಯನ್ನು ಬದಿಗಿಟ್ಟು ತಮ್ಮೊಳಗೇ ವಿಶೇಷವಾದ ದಾರಿಯನ್ನು ಮಾಡಿಕೊಂಡುವು. ಫಲವು ಸರಿಯೇ. ಆದರೆ ಆ ಅಪವಾದವು ಸೂತ್ರದಲ್ಲಿಲ್ಲ, ಪರೀಕ್ಷಕದ ಹೊಟ್ಟೆಯಲ್ಲಿದೆ. ಕೋಶವನ್ನು ಓದಿದವನಿಗೆ ಒಂದು ಅರ್ಥ, ಪರೀಕ್ಷಕವನ್ನು ನಡೆಯಿಸಿದವನಿಗೆ ಇನ್ನೊಂದು ಅರ್ಥ. ಟ್ಯೂಪಲಿನ ಮಾದರಿಯಲ್ಲಿ ತಾನೊಂದು ಕಟ್ಟನ್ನು ನಿರ್ಮಿಸಿಕೊಂಡವನಿಗೆ ಆ ವಿಶೇಷವು ದೊರೆಯುವುದೂ ಇಲ್ಲ. ಉದ್ದವು ಅನಿಶ್ಚಿತವಾದ ಕಟ್ಟುಗಳನ್ನು ಸ್ಥಾನಸಹಿತವಾಗಿ ಹೆಸರಿಸಲು 646ನೆಯ ಪ್ರಸ್ತಾವವು ಅನುಕೂಲ ಮಾಡಿಕೊಟ್ಟು 2022ರ 3.11ನೆಯ ಆವೃತ್ತಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿಯೂ ಒಂದು ಟ್ಯೂಪಲಿನೊಳಗೆ ಅಂಥ ಒಂದೇ ಒಂದನ್ನು ಬಿಚ್ಚಲು ಅವಕಾಶ. ಎರಡನ್ನು ಬಿಚ್ಚಿದರೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಮೊದಲಾಯಿತೆಂದು ತಿಳಿಯದೆಂಬುದು ಕಾರಣ. ಆದ್ದರಿಂದ ಯಾವುವೇ ಎರಡು ಟ್ಯೂಪಲುಗಳ ಜೋಡಣೆಯನ್ನು ಸಾಮಾನ್ಯಸೂತ್ರವಾಗಿ ಬರೆಯುವುದು ಆ ಪ್ರಸ್ತಾವದಿಂದಲೂ ಸಾಧ್ಯವಾಗಲಿಲ್ಲ.

ಪರೀಕ್ಷಕದ ತಪ್ಪುಗಳಲ್ಲಿ ಇವು ಒಳ್ಳೆಯದನ್ನು ತಳ್ಳುವ ಬಗೆಯವು. ಕೆಟ್ಟದ್ದನ್ನು ಒಳಗೆ ಬಿಡುವ ಬಗೆಯೂ ಉಂಟು, ಅದು ಹೆಚ್ಚು ಅಪಾಯಕರ. ಜಾವಾ ಭಾಷೆಗೆ 2004ರಲ್ಲಿ ಜೆನೆರಿಕ್‌ಗಳು ಸೇರಿದುವು. ಅವುಗಳ ಟೈಪ್ ವ್ಯವಸ್ಥೆಯು ಬರಿದಾದ ವಸ್ತುವೊಂದನ್ನು ಸಾಕ್ಷಿಯಾಗಿ ಸ್ವೀಕರಿಸಿ ಸುಳ್ಳನ್ನೂ ನಿಜವೆಂದು ಒಪ್ಪುವುದೆಂದು ನಾದಾ ಅಮೀನ್, ರಾಸ್ ಟೇಟ್ ಎಂಬ ಇಬ್ಬರು ತೋರಿಸಿದ್ದು 2016ರಲ್ಲಿ. ನಡುವೆ ಹನ್ನೆರಡು ವರ್ಷ. ಆ ಭಾಷೆಯನ್ನು ಬಳಸಿದವರು ಅಸಂಖ್ಯಾತರು, ಪರೀಕ್ಷಿಸಿದ ವಿದ್ವಾಂಸರೂ ಅನೇಕರು. ಪಾವಗಡದ ಗಕಾರವನ್ನು ಆದೇಶವೆಂದು ನಂಬಿ ಮುಂದಕ್ಕೆ ನಡೆದವನ ಸ್ಥಿತಿಯೂ ಇಂಥದೇ.

ಪೈಥಾನಿನ ಓವರ್‌ಲೋಡುಗಳಿಗೆ ವಿಪ್ರತಿಷೇಧಪ್ರಕರಣವು ಲಿಖಿತವಾದದ್ದು 2025ರಲ್ಲಿ. ಪೈರೈಟಿನ ಕರ್ತೃವಾದ ಎರಿಕ್ ಟ್ರೌಟರು ಸಿದ್ಧಪಡಿಸಿದ ಕರಡು ಟೈಪುಗಳ ನಿರ್ದಿಷ್ಟ ಗ್ರಂಥದಲ್ಲಿ ಸೇರಿತು. ಅದರ ಕ್ರಮವು ಹೀಗಿದೆ. ಮೊದಲು ಸಂಖ್ಯೆಯನ್ನು ನೋಡಬೇಕು. ಎಷ್ಟು ವಸ್ತುಗಳನ್ನು ಕೊಟ್ಟಿದೆಯೋ ಅಷ್ಟನ್ನು ಬಯಸದ ವಿಧಿಗಳು ಹೊರಟುಹೋಗುತ್ತವೆ. ಉಳಿದ ವಿಧಿಗಳಿಗೆ ಕೊಟ್ಟುದನ್ನು ಕೊಟ್ಟಂತೆಯೇ ಒಡ್ಡಬೇಕು. ಒಂದೂ ಒಪ್ಪದಿದ್ದರೆ ಆಗ ವಿಕಲ್ಪಗಳನ್ನು ಬಿಡಿಸಬೇಕು. ಬಿಡಿಸತಕ್ಕವುಗಳ ಪಟ್ಟಿಯಲ್ಲಿ, ಉದ್ದವು ಗೊತ್ತಾಗಿದ್ದು ಒಳಗೆ ವಿಕಲ್ಪವುಳ್ಳ ಟ್ಯೂಪಲನ್ನೂ ಸ್ಪಷ್ಟವಾಗಿ ಸೇರಿಸಿದ್ದಾರೆ. ಬಿಡಿಸಿದ ಪ್ರತಿಯೊಂದು ರೂಪಕ್ಕೂ ಒಂದಲ್ಲ ಒಂದು ವಿಧಿಯು ಒಪ್ಪಿದರೆ ಫಲಗಳ ವಿಕಲ್ಪವೇ ಫಲ. ಒಂದು ರೂಪವು ಉಳಿದರೂ ತಪ್ಪು. ಯಾವ ಜಾತಿಯೆಂದೇ ಗೊತ್ತಿಲ್ಲದ, ಎಲ್ಲಕ್ಕೂ ಒಪ್ಪುವ ‘ಎನಿ’ ಎಂಬ ಟೈಪಿನ ವಸ್ತುವು ಬಂದು ಹಲವು ವಿಧಿಗಳು ಒಪ್ಪಿದರೆ, ಮತ್ತು ಅವುಗಳ ಫಲಗಳು ಬೇರೆಬೇರೆಯಾಗಿದ್ದರೆ, ಫಲವೂ ‘ಎನಿ’ ಆಗುತ್ತದೆ. ಇವೆಲ್ಲ ತೀರಿದ ಮೇಲೂ ಹಲವು ಉಳಿದರೆ ಮುಂಚೆ ಬರೆದುದಕ್ಕೆ ಜಯ.

ಮದ್ದಗಿರಿಯನ್ನು ಈ ಕ್ರಮಕ್ಕೆ ಒಡ್ಡಿ ನೋಡಬಹುದು. ಪೂರ್ವಪದವು ಕನ್ನಡ ಅಥವಾ ಸಂಸ್ಕೃತ, ಉತ್ತರಪದವು ಸಂಸ್ಕೃತ. ಬಿಡಿಸಿದರೆ ಎರಡು ಕಟ್ಟುಗಳು. ಸಂಸ್ಕೃತಕ್ಕೆ ಸಂಸ್ಕೃತವು ಕೂಡಿದ್ದು ಒಪ್ಪುತ್ತದೆ. ಕನ್ನಡಕ್ಕೆ ಸಂಸ್ಕೃತವು ಕೂಡಿದ್ದು ಅರಿಸಮಾಸವಾಗಿ ಉಳಿಯುತ್ತದೆ. ಒಂದು ಉಳಿದುದರಿಂದ ತಪ್ಪೆಂಬುದು ಯಂತ್ರದ ತೀರ್ಪು. ‘ಗಿರಿ’ಯನ್ನು ಸಮಸಂಸ್ಕೃತವೆಂದು ಎಣಿಸಿದರೆ ಎರಡೂ ಒಪ್ಪುತ್ತವೆ, ಸಮಸಂಸ್ಕೃತವು ಇಲ್ಲಿ ಹೆಚ್ಚು ಕಡಮೆ ‘ಎನಿ’ಯ ಕೆಲಸವನ್ನು ಮಾಡುತ್ತದೆ, ಅದರ ಸಡಿಲಿಕೆಯೂ ಅದಕ್ಕುಂಟು. ಊರಿನ ಹೆಸರನ್ನು ರೂಢಿಯೆಂದು ಹಿಡಿದು ಪೂರ್ವಪ್ರಯೋಗದ ಬಾಗಿಲಿನಿಂದ ಒಳಗೆ ಬಿಡುವವನು ಕೇಶಿರಾಜನ ಹಾದಿಯವನು. ಸರ್ಕಾರದ ಕಾಗದಪತ್ರಗಳು ಮದ್ದಗಿರಿಯನ್ನು ಬಿಟ್ಟು ಮಧುಗಿರಿಯೆಂಬ ರೂಪವನ್ನು ಹಿಡಿದುದರಿಂದ ವಿಕಲ್ಪವೇ ಇಲ್ಲವಾಯಿತು. ಪರೀಕ್ಷಕವು ದೂರಿದಾಗ ಬರಹವನ್ನೇ ತಿದ್ದಿ ಸುಮ್ಮನಾಗುವ ಪ್ರೋಗ್ರಾಮಿನವರ ವಾಡಿಕೆಗೆ ಇದು ಹೋಲುತ್ತದೆ.

ಬಿಡಿಸುವ ಉಪಾಯಕ್ಕೂ ಎರಡು ಮಿತಿಗಳಿವೆ. ಎರಡೆರಡು ವಿಕಲ್ಪಗಳುಳ್ಳ ಐದು ಸ್ಥಾನಗಳ ಟ್ಯೂಪಲನ್ನು ಬಿಡಿಸಿದರೆ 32 ರೂಪಗಳು, ಹತ್ತು ಸ್ಥಾನಗಳದನ್ನು ಬಿಡಿಸಿದರೆ 1,024. ಅದಕ್ಕಾಗಿ ಪರೀಕ್ಷಕಗಳು ಒಂದು ಎಲ್ಲೆಯನ್ನು ಹಾಕಿಕೊಂಡು ಅದರಾಚೆ ಬಿಡಿಸುವುದನ್ನು ನಿಲ್ಲಿಸುತ್ತವೆ. ಇದು ಶ್ರಮದ ಮಾತು. ಎರಡನೆಯದು ಅರ್ಥದ ಮಾತು. ಒಂದು ಕಟ್ಟಿನ ಎರಡು ಅಂಗಗಳೂ ಒಟ್ಟಿಗೆ ಕನ್ನಡವಾಗಿ ಅಥವಾ ಒಟ್ಟಿಗೆ ಸಂಸ್ಕೃತವಾಗಿ ಇರುವುದು ವಾಸ್ತವವಾಗಿದ್ದರೂ, ಅಂಗಾಂಗವಾಗಿ ವಿಕಲ್ಪವನ್ನು ಬರೆದಿಟ್ಟರೆ ಬಿಡಿಸುವವನಿಗೆ ನಾಲ್ಕು ರೂಪಗಳು ಕಾಣುತ್ತವೆ. ಇರುವುದು ಎರಡು, ಉಳಿದೆರಡು ಎಂದೂ ಹುಟ್ಟದವು. ಹುಟ್ಟದ ಆ ಎರಡು ರೂಪಗಳಿಗೆ ವಿಧಿಯು ಒಪ್ಪಲಿಲ್ಲವೆಂದು ಪರೀಕ್ಷಕವು ಇಡೀ ಪ್ರಯೋಗವನ್ನು ತಳ್ಳುತ್ತದೆ. ಅಂಗಗಳ ವಿಕಲ್ಪವು ಬೇರೆ, ಕಟ್ಟುಗಳ ವಿಕಲ್ಪವು ಬೇರೆ; ಈ ಭೇದವನ್ನು ಬರೆಯುವವನೇ ಮೊದಲು ಹೇಳಿರಬೇಕು, ಪರೀಕ್ಷಕವು ಆಮೇಲೆ ಕಂಡುಕೊಳ್ಳಲಾರದು.

ಕೊರಟಗೆರೆಯ ತಾಲ್ಲೂಕಿನಲ್ಲಿ ಚನ್ನರಾಯನದುರ್ಗವೆಂಬ ಬೆಟ್ಟದ ಕೋಟೆಯಿದೆ. ‘ಚನ್ನ’ ಎಂಬುದು ಕನ್ನಡ, ‘ರಾಯ’ ತದ್ಭವ, ‘ದುರ್ಗ’ ಸಂಸ್ಕೃತ. ರಾಯ, ದುರ್ಗಗಳ ನಡುವಣ ‘ನ’ಕಾರವು ಷಷ್ಠಿಯನ್ನು ಬಾಯಿಬಿಟ್ಟು ಹೇಳಿರುವುದರಿಂದ ಅಲ್ಲಿ ವಿಭಕ್ತಿಯು ಲೋಪವಾಗಿಲ್ಲ, ಲೋಪವಿಲ್ಲದ ಕಾರಣ ಆ ಎರಡರ ನಡುವೆ ಅರಿಸಮಾಸದ ಪರೀಕ್ಷೆಯು ಹುಟ್ಟುವುದೇ ಇಲ್ಲ.